ಸ್ಕಾಟ್ಲೆಂಡ್ ಕರಾವಳೀಲಿ ಟೆಂಟು, ಗಾಳಿ ಮತ್ತೆ ಮಿಡ್ಜ್ ಕಾಟ

ನಾರ್ತ್ ಕೋಸ್ಟ್ 500 ಅಂತ ಕೇಳಿರ್ತೀರ, ಇನ್ವರ್ನೆಸ್‌ನಿಂದ ಹೊರಟು ಸ್ಕಾಟ್ಲೆಂಡಿನ ಉತ್ತರದ ತುದಿ ಸುತ್ಕೊಂಡು ವಾಪಸ್ ಅಲ್ಲಿಗೇ ಬರೋ ರೂಟು. 516 ಮೈಲಿ, ಹತ್ರಹತ್ರ 830 ಕಿ.ಮೀ. 2015ರಲ್ಲಿ ಇದಕ್ಕೊಂದು ಹೆಸರಿಟ್ಟು ಪ್ರಚಾರ ಶುರು ಮಾಡಿದ್ರು, ಆಮೇಲಿಂದ ಬೇಸಿಗೆ ಬಂದ್ರೆ ಕ್ಯಾಂಪರ್‌ವ್ಯಾನ್‌ಗಳದ್ದೇ ಸಾಲು. ನಾವು ಗ್ಲಾಸ್ಗೋದಲ್ಲಿರೋದು, ಜೂನ್ ಕೊನೇಲಿ ನಾನು, ಹೆಂಡ್ತಿ, ಮಗಳು ಸಣ್ಣ ಕಾರಲ್ಲಿ ಟೆಂಟು ಗ್ಯಾಸ್ ಸ್ಟವ್ ತುಂಬ್ಕೊಂಡು ಹೋಗ್ಬಂದ್ವಿ.

ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಿ ಕಿಲೋಮೀಟರ್ ಲೆಕ್ಕ ನಡೆಯಲ್ಲ. ಪಶ್ಚಿಮದ ಕಡೆ ಬಹಳಷ್ಟು ರೋಡು ಒಂದೇ ಗಾಡಿ ಅಗಲ, ಅಲ್ಲಲ್ಲಿ ಪಾಸಿಂಗ್ ಪ್ಲೇಸ್ ಅಂತ ರೋಡನ್ನ ಸ್ವಲ್ಪ ಅಗಲ ಮಾಡಿರ್ತಾರೆ. ಅದು ನಿಮ್ಮ ಎಡಕ್ಕಿದ್ರೆ ಒಳಗೆ ಹೋಗಿ ನಿಲ್ಲಿ, ಬಲಕ್ಕಿದ್ರೆ ಅದರ ಎದುರಿಗೆ ರೋಡಲ್ಲೇ ನಿಲ್ಲಿ, ಎದುರಿನವರು ಅದರೊಳಗೆ ಹೋಗ್ತಾರೆ. ಹಿಂದೆ ಲೋಕಲ್ ಗಾಡಿ ಬಂದ್ರೂ ಜಾಗ ಬಿಡ್ಬೇಕು, ಅವರು ಕೆಲಸಕ್ಕೆ ಹೋಗ್ತಿರ್ತಾರೆ, ನಮ್ಮ ಹಾಗೆ ಸಮುದ್ರ ನೋಡ್ಕೊಂಡು ಹೋಗೋ ಪುರುಸೊತ್ತಿರಲ್ಲ. ಪಾಸಿಂಗ್ ಪ್ಲೇಸಲ್ಲೇ ಗಾಡಿ ನಿಲ್ಸಿ ಟೀ ಕಾಯ್ಸೋರನ್ನ ನೋಡಿದ್ರೆ ನಂಗೇ ಸಿಟ್ಟು ಬರ್ತಿತ್ತು.

ಆಪಲ್‌ಕ್ರಾಸ್‌ಗೆ ಹೋಗೋ ಬ್ಯಾಲಖ್ ನಾ ಬಾ ಘಾಟಿ ಸಮುದ್ರದ ಮಟ್ಟದಿಂದ 626 ಮೀಟರ್‌ಗೆ ಏರತ್ತೆ. ಹೊಸದಾಗಿ ಕಲಿಯೋರು, ಕ್ಯಾರವಾನ್ ಇರೋರು ಬರಬೇಡಿ ಅಂತ ಕೆಳಗೇ ಬೋರ್ಡಿದೆ. ಆಗುಂಬೆ ಘಾಟಿ ಓಡ್ಸಿದವ್ರಿಗೆ ತಿರುವು ಏನೂ ಹೊಸದಲ್ಲ, ಆದ್ರೆ ಇಲ್ಲಿ ಮರ ಗಿಡ ಏನೂ ಇಲ್ದೆ ಬರೀ ಬಂಡೆ, ಮಂಜು ಕವಿದ್ರೆ ಎದುರು ಗಾಡಿ ಪಕ್ಕಕ್ಕೆ ಬಂದ್ಮೇಲೇ ಕಾಣ್ಸೋದು. ನಾವು ಬೆಳಿಗ್ಗೆ ಬೇಗ ಹತ್ತಿದ್ವಿ, ರೋಡೆಲ್ಲಾ ಖಾಲಿ, ಕುರಿಗಳು ಮಾತ್ರ ಮಧ್ಯ ಮಲ್ಕೊಂಡಿದ್ವು.

ಇನ್ನು ಟೆಂಟ್ ವಿಷ್ಯ. 2003ರ ಭೂಸುಧಾರಣೆ ಕಾಯ್ದೆ ಪ್ರಕಾರ ಸ್ಕಾಟ್ಲೆಂಡಲ್ಲಿ ಬೇಲಿ ಹಾಕದ ಬಯಲಲ್ಲಿ ಸಣ್ಣ ಟೆಂಟ್ ಹಾಕ್ಬೋದು, ಜನ ಕಮ್ಮಿ ಇರ್ಬೇಕು, ಒಂದೇ ಕಡೆ ಎರಡ್ಮೂರು ರಾತ್ರಿಗಿಂತ ಜಾಸ್ತಿ ಬೇಡ. ಆದ್ರೆ ಈ ಹಕ್ಕು ಕಾಲ್ನಡಿಗೇಲಿ ಹೋಗೋರಿಗೆ, ಸೈಕಲ್‌ನವರಿಗೆ, ಮೋಟಾರ್ ಗಾಡಿಗಲ್ಲ. ವ್ಯಾನ್ ತಗೊಂಡು ಬೀಚ್ ಪಕ್ಕದ ಹುಲ್ಲಿನ ಮೇಲೆ ನುಗ್ಸೋರು ಇದನ್ನ ಓದೋದೇ ಇಲ್ಲ. ಮಗಳಿದ್ಲು, ಟಾಯ್ಲೆಟ್ ಬೇಕಿತ್ತು, ಹಾಗಾಗಿ ನಾವು ಹೆಚ್ಚಾಗಿ ದುಡ್ಡು ಕೊಟ್ಟು ಕ್ಯಾಂಪ್‌ಸೈಟಲ್ಲೇ ಇದ್ವಿ.

ಅಸಲಿ ಶತ್ರು ಮಳೆ ಅಲ್ಲ, ಮಿಡ್ಜ್. ಸೊಳ್ಳೆಗಿಂತ ಸಣ್ಣ ಹಾರೋ ಹುಳ, ಗುಂಪಾಗಿ ಬಂದು ಕಣ್ಣು ಕಿವಿ ತಲೆಕೂದ್ಲು ಎಲ್ಲಾ ಕಡೆ ಕಚ್ಚತ್ತೆ, ನಾವು ಉಸಿರು ಬಿಡೋ ಕಾರ್ಬನ್ ಡೈಆಕ್ಸೈಡ್ ವಾಸನೆ ಹಿಡಿದು ಬರೋದಂತೆ. ಬೆಳಿಗ್ಗೆ, ಸಂಜೆ, ಮೋಡ ಕವಿದು ಗಾಳಿ ನಿಂತಿದ್ರೆ ಹಬ್ಬ ಅವಕ್ಕೆ. ಗಂಟೆಗೆ 11 ಕಿ.ಮೀ.ಗಿಂತ ಜಾಸ್ತಿ ಗಾಳಿ ಬೀಸಿದ್ರೆ ಮಾತ್ರ ಹಾರೋಕಾಗಲ್ಲ. ಹಾಗಾಗಿ ಎಲ್ರೂ ಮರದ ಮರೆ, ಕೆರೆ ದಂಡೆ ಅಂತ ಗಾಳಿ ತಾಗದ ಜಾಗ ಹುಡುಕ್ತಿದ್ರೆ ನಾವು ಬೇಕೂಂತಲೇ ಗಾಳಿ ಹೊಡೆಯೋ ದಿಣ್ಣೆ ಹುಡುಕ್ತಿದ್ವಿ. ಉತ್ತರ ಕರಾವಳಿಯ ಡರ್ನೆಸ್ ಊರಿನ ಸ್ಯಾಂಗೋ ಸ್ಯಾಂಡ್ಸ್ ಕ್ಯಾಂಪ್‌ಸೈಟ್ ಸಮುದ್ರದ ಮೇಲಿನ ಬಂಡೆ ತಲೇಲೇ ಇದೆ, ರಾತ್ರಿಯಿಡೀ ಟೆಂಟ್ ಪಟಪಟ ಅಂತಿತ್ತು, ಒಂದು ಮಿಡ್ಜ್ ಇಲ್ಲ! ಗೂಟ ಮಾತ್ರ ಗಟ್ಟಿದು ತಗೊಂಡ್ಹೋಗಿ, ಟೆಂಟ್ ಜೊತೆ ಬರೋ ತೆಳು ಕಡ್ಡಿ ಸಾಲಲ್ಲ, ಟೆಂಟಿನ ಸಣ್ಣ ಕಡೆ ಗಾಳಿಗೆ ಮುಖ ಮಾಡಿ ಹಾಕಿ. ಮುಖಕ್ಕೆ ಬಲೆ ಟೋಪಿ, ಕೈಕಾಲಿಗೆ ಮಿಡ್ಜ್ ಓಡಿಸೋ ಸ್ಮಿಡ್ಜ್ ಅನ್ನೋ ಸ್ಪ್ರೇ ಇಟ್ಕೊಂಡಿದ್ವಿ. ಹುಲ್ಲಲ್ಲಿ ಓಡಾಡಿದ ದಿನ ರಾತ್ರಿ ಮಲಗೋ ಮುಂಚೆ ಉಣ್ಣಿ ಕಚ್ಚಿದ್ಯಾ ಅಂತ ಮೊಣಕಾಲ ಹಿಂದೆ, ಕಂಕುಳು ನೋಡ್ಕೊಳ್ಳಿ, ಲೈಮ್ ಕಾಯಿಲೆ ಅದರಿಂದಲೇ ಬರೋದು.

ಕತ್ತಲು ಬರತ್ತೆ ಅಂತ ಕಾಯಬೇಡಿ. ಡರ್ನೆಸಲ್ಲಿ ಜೂನಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತೂವರೆಗೆ, ಆಮೇಲೂ ಪೂರ್ತಿ ಕತ್ತಲಾಗಲ್ಲ, ಮಗಳು "ಅಪ್ಪಾ ಇನ್ನೂ ಸಂಜೆ" ಅಂತ ಮಲಗೋದೇ ಇಲ್ಲ. ಕಣ್ಣಿಗೆ ಕಟ್ಕೊಳ್ಳೋ ಪಟ್ಟಿ ಬೇಕೇ ಬೇಕು.

ಊಟಕ್ಕೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ತಗೊಂಡಿದ್ವಿ, ಸ್ಟವ್ ಮೇಲೆ ಅನ್ನ ಒಂದಾದ್ರೆ ಕೆಲಸ ಮುಗೀತು. ಸಾಮಾನು, ಪೆಟ್ರೋಲು, ಗ್ಯಾಸ್ ಡಬ್ಬಿ ಎಲ್ಲಾ ಪಶ್ಚಿಮ ಕರಾವಳಿಯ ಅಲ್ಲಾಪೂಲ್ ಊರಲ್ಲಿ ತುಂಬ್ಸಿ, ಅಲ್ಲಿಂದ ಉತ್ತರಕ್ಕೆ ಬಂಕ್ ಕಮ್ಮಿ. ಟ್ಯಾಂಕ್ ಅರ್ಧಕ್ಕೆ ಬಂದ್ರೆ ಸಿಕ್ಕಿದ ಬಂಕಲ್ಲಿ ಹಾಕ್ಸೋದು ಅಂತ ರೂಲ್ ಮಾಡ್ಕೊಂಡಿದ್ವಿ.

ನಡೆಯೋಕೆ ಆಗೋರು ಸ್ಯಾಂಡ್‌ವುಡ್ ಬೇ ಅನ್ನೋ ಬೀಚಿಗೆ ಹೋಗಿ. ಕಾರ್ ರೋಡಿಲ್ಲ, ಬ್ಲೇರ್‌ಮೋರಿಂದ ನಾಕು ಮೈಲಿ ನಡೀಬೇಕು, ಬರೋಕೂ ಅಷ್ಟೇ. ಪೂರ್ವಕ್ಕೆ ತಿರುಗಿದ್ಮೇಲೆ ಎಲ್ಲರೂ ಜಾನ್ ಓ ಗ್ರೋಟ್ಸ್ ಬೋರ್ಡ್ ಮುಂದೆ ಫೋಟೋಗೆ ಕ್ಯೂ ನಿಲ್ತಾರೆ, ಆದ್ರೆ ಬ್ರಿಟನ್ ಮುಖ್ಯ ಭೂಭಾಗದ ಉತ್ತರದ ತುದಿ ಅದಲ್ಲ, ಡನ್ನೆಟ್ ಹೆಡ್. ನಾವು ಅಲ್ಲಿಗೆ ಹೋಗಿ, ಗ್ರೋಟ್ಸ್‌ನ ಕಾರಿಂದ್ಲೇ ನೋಡ್ಕೊಂಡು ದಕ್ಷಿಣಕ್ಕೆ ಎ9 ಹೆದ್ದಾರಿ ಕಡೆ ಹೊರಟ್ವಿ. ಪೂರ್ವದ ಕಡೆ ರೋಡು ಅಗಲ, ಬೇಗ ಸಾಗತ್ತೆ, ದಿನ ಉಳಿಸ್ಬೇಕಂದ್ರೆ ಅಲ್ಲಿ ಉಳ್ಸಿ, ಪಶ್ಚಿಮದಲ್ಲಿ ಮಾತ್ರ ಕಮ್ಮಿ ಮಾಡ್ಬೇಡಿ.