ಲಿನಕ್ಸ್ ಹಾಕುವ ಮೊದಲು ನನ್ನ ಡಿಸ್ಕ್ ಸಿದ್ಧಮಾಡಿಕೊಂಡ ಬಗೆ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಲ್ಯಾಪ್‌ಟಾಪಿನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಲು ಹೊರಟೆ. ವಿಂಡೋಸನ್ನೂ ಸ್ವಲ್ಪ ಕಾಲ ಉಳಿಸಿಕೊಳ್ಳುವ ಯೋಚನೆ ಇತ್ತು. ಇನ್‌ಸ್ಟಾಲ್ ಮಾಡುವುದು ಈಗ ಸಲೀಸು. ಸಮಯ ಹೋಗುವುದೆಲ್ಲ ಅದಕ್ಕೆ ಮುಂಚಿನ ಕೆಲಸಕ್ಕೆ.

ಬ್ಯಾಕಪ್ ಎರಡು ಥರ ಮಾಡಿದೆ. ಒಂದು, ಫೈಲುಗಳ ಸಾದಾ ಕಾಪಿ. ಇನ್ನೊಂದು, ಕ್ಲೋನ್‌ಜಿಲ್ಲಾ ಅನ್ನೋ ತಂತ್ರಾಂಶದಿಂದ ಇಡೀ ಡಿಸ್ಕಿನ ಇಮೇಜ್, ಅಂದರೆ ಡಿಸ್ಕಿನ ಪಡಿಯಚ್ಚು. ಏನಾದರೂ ಕೆಟ್ಟರೆ ಇಮೇಜಿನಿಂದ ಎಲ್ಲವನ್ನೂ ಮೊದಲಿನಂತೆ ತರಬಹುದು. ಆದರೆ ಒಂದೇ ಒಂದು ಫೋಟೋ ಬೇಕೆಂದಾಗ ಇಮೇಜ್ ಬಿಚ್ಚುವುದು ರಗಳೆ. ಅದಕ್ಕೇ ಎರಡೂ ಇರಲಿ ಅನ್ನುತ್ತೇನೆ. ಬ್ಯಾಕಪ್ ಇಟ್ಟ ಹೊರಗಿನ ಡಿಸ್ಕ್ ಎಕ್ಸ್‌ಫ್ಯಾಟ್ ಅನ್ನೋ ಫೈಲ್ ಸಿಸ್ಟಮ್‌ನಲ್ಲಿತ್ತು (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ). ಫ್ಯಾಟ್32 ಆಗಿದ್ದರೆ 4 ಜಿಬಿ ದಾಟಿದ ಫೈಲನ್ನು ಅದು ಒಳಗೇ ಬಿಡುವುದಿಲ್ಲ.

ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಆ್ಯಪ್‌ಡೇಟಾ ಅನ್ನೋ ಅಡಗಿದ ಫೋಲ್ಡರನ್ನು. ಬ್ರೌಸರಿನ ಪ್ರೊಫೈಲ್, ಎಷ್ಟೋ ತಂತ್ರಾಂಶಗಳ ಸೆಟ್ಟಿಂಗ್ ಎಲ್ಲ ಅದರಲ್ಲೇ ಇರುತ್ತವೆ. ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿಕೊಂಡೆ. ಪಾಸ್‌ವರ್ಡ್ ಫೈಲ್ ಯಾರು ಬೇಕಾದರೂ ಓದುವಂತಿರುತ್ತದೆ, ಕೆಲಸ ಆದಮೇಲೆ ಅಳಿಸಿಬಿಡಿ.

ಕಾಪಿ ಮುಗಿಯಿತು ಅಂದರೆ ಬ್ಯಾಕಪ್ ಆಯಿತು ಅಂತಲ್ಲ. ಮಿಂಟನ್ನು ಪೆನ್‌ಡ್ರೈವಿನಿಂದ ಲೈವ್ ಆಗಿ (ಇನ್‌ಸ್ಟಾಲ್ ಮಾಡದೆಯೇ) ಶುರುಮಾಡಿ, ಬ್ಯಾಕಪ್ ಡಿಸ್ಕನ್ನು ಅಲ್ಲೇ ತೆರೆದೆ. ಕಡತಗಳು ಹೊಸ ಸಿಸ್ಟಮ್ಮಿನಲ್ಲೇ ತಾನೇ ತೆರೆಯಬೇಕು? ಅಲ್ಲೊಂದು ಇಲ್ಲೊಂದು ಫೋಟೋ, ವಿಡಿಯೋ ತೆರೆದು ನೋಡಿದೆ. ದೊಡ್ಡ ಫೈಲುಗಳಿಗೆ ಎರಡೂ ಕಡೆ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು ಹೋಲಿಸಿದೆ.

ಇನ್ನು ಲಿನಕ್ಸಿಗೆ ಜಾಗ ಮಾಡುವುದು. ಸಿ ಡ್ರೈವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಕುಗ್ಗಿಸುವುದು ಒಳ್ಳೆಯದು. ತನ್ನ ಫೈಲ್ ಸಿಸ್ಟಮ್ ಅದಕ್ಕೇ ಚೆನ್ನಾಗಿ ಗೊತ್ತು. ಅರ್ಧಕ್ಕಿಂತ ಜಾಸ್ತಿ ಖಾಲಿ ಇದ್ದರೂ ಅದು ಸ್ವಲ್ಪ ಮಾತ್ರ ಬಿಟ್ಟುಕೊಡಲು ಒಪ್ಪಿತು. ಕಾರಣ ಇಷ್ಟೇ: ಪೇಜ್‌ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಫೈಲ್), ಹೈಬರ್ನೇಶನ್ ಫೈಲ್ (ಮೆಮೊರಿಯಲ್ಲಿದ್ದದ್ದನ್ನು ಉಳಿಸಿಡುವ ಫೈಲ್), ಸಿಸ್ಟಮ್ ರಿಸ್ಟೋರಿನ (ಹಿಂದಿನ ಸ್ಥಿತಿಗೆ ಮರಳಲು ಇಟ್ಟ) ಪ್ರತಿಗಳು ಡಿಸ್ಕಿನ ನಡುವೆ ಕೂತಿರುತ್ತವೆ, ಅವನ್ನು ಅಲ್ಲಾಡಿಸಲು ಆಗದು. ಮೂರನ್ನೂ ಆಫ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ ಬೇಕಾದಷ್ಟು ಸಿಕ್ಕಿತು. ಆಮೇಲೆ ಪೇಜ್‌ಫೈಲನ್ನು ಮತ್ತೆ ಆನ್ ಮಾಡಿದೆ. ಹೈಬರ್ನೇಶನ್ ಆಫ್ ಆಗಿಯೇ ಇರಲಿ. ಅದರ ಜೊತೆ ಫಾಸ್ಟ್ ಸ್ಟಾರ್ಟಪ್ಪೂ ಹೋಗುತ್ತದೆ. ಅದು ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗುವುದೇ ಇಲ್ಲ, ಲಿನಕ್ಸಿನಿಂದ ಸಿ ಡ್ರೈವಿಗೆ ಬರೆಯಲು ತೊಡಕಾಗುತ್ತದೆ.

ಕುಗ್ಗಿಸುವ ಅಳತೆ ಎಂಬಿಯಲ್ಲಿ ಕೊಡಬೇಕು. 250 ಜಿಬಿಗೆ 256000. ಹೀಗೆ ಸಿಕ್ಕ ಜಾಗವನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಬಿಟ್ಟೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ) ಇರುವವರು 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಡಿಸ್ಕಿನ ಪಾರ್ಟಿಶನ್ (ಭಾಗ) ಪಟ್ಟಿ ಹಳೆಯ ಎಂಬಿಆರ್ ಬಗೆಯದಾದರೆ ಪ್ರೈಮರಿ ಪಾರ್ಟಿಶನ್ ನಾಲ್ಕೇ, ಎಣಿಸಿ ನೋಡಿ. ನನ್ನದು ಹೊಸ ಬಗೆಯ ಜಿಪಿಟಿ, ಆ ಚಿಂತೆ ಇರಲಿಲ್ಲ.

ಇನ್‌ಸ್ಟಾಲರ್ ತೆರೆಯುವ ಮೊದಲು ಬ್ಯಾಕಪ್ ಡಿಸ್ಕನ್ನು ಕಿತ್ತು ಪಕ್ಕಕ್ಕಿಟ್ಟೆ. ಪಟ್ಟಿಯಲ್ಲಿ ಇಲ್ಲದ ಡಿಸ್ಕನ್ನು ಯಾರೂ ತಪ್ಪಿ ಅಳಿಸಲಾರರು, ಅಲ್ವಾ? ಪಾರ್ಟಿಶನ್ನುಗಳನ್ನು ಕೈಯಾರೆ ಆರಿಸಿದೆ: ರೂಟಿಗೆ (ಸಿಸ್ಟಮ್ ಇರುವ ಭಾಗ) 50 ಜಿಬಿ, ಮಿಕ್ಕಿದ್ದೆಲ್ಲ ಹೋಮ್‌ಗೆ (ನಮ್ಮ ಫೈಲುಗಳಿರುವ ಭಾಗ). ಹೋಮ್ ಬೇರೆ ಇದ್ದರೆ ಮುಂದೆ ಸಿಸ್ಟಮ್ ಬದಲಾಯಿಸುವಾಗ ರೂಟನ್ನಷ್ಟೇ ಅಳಿಸಿದರೆ ಸಾಕು. ಸ್ವಾಪ್‌ಗೆ (ಲಿನಕ್ಸಿನಲ್ಲಿ ಪೇಜ್‌ಫೈಲಿನ ಕೆಲಸ ಮಾಡುವಂಥದ್ದು) ಪಾರ್ಟಿಶನ್ ಮಾಡಲಿಲ್ಲ, ಫೈಲ್ ಸಾಕು. ವಿಂಡೋಸಿನ ಇಎಫ್‌ಐ ಪಾರ್ಟಿಶನ್ನನ್ನು (ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲುಗಳಿರುವ ಭಾಗ) ಇದ್ದ ಹಾಗೇ ಬಳಸಿದೆ. ಅದರ ಮುಂದಿನ ಫಾರ್ಮ್ಯಾಟ್ ಚೌಕ ಖಾಲಿ ಇದೆಯಾ ಅಂತ ಇನ್ನೊಮ್ಮೆ ನೋಡಿ, ಇನ್‌ಸ್ಟಾಲ್ ಒತ್ತಿದೆ.