ಗುಜರಿ ಡಬ್ಬಿಯಲ್ಲಿ ಬೆಂಕಿ ಅಳೆದದ್ದು

ಮೂರು ವರ್ಷದ ಹಿಂದೆ ಒಂದು ಸಭೆಯಲ್ಲಿ, ಬೆಂಕಿಯ ಬಿಸಿ ಅಳೆಯಲು ಮರದ ಬುಡದಲ್ಲಿ ನೀರು ಹಾಕಿಟ್ಟ ನನ್ನ ಡಬ್ಬಿಗಳ ಚಿತ್ರ ತೋರಿಸಿದಾಗ ಹಿರಿಯರೊಬ್ಬರು, "ಇದು ಸಂಶೋಧನೆಯೋ, ಗುಜರಿ ವ್ಯಾಪಾರವೋ?" ಎಂದು ಕೇಳಿದ್ದರು. ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. ಹೋದ ಬೇಸಿಗೆಯಲ್ಲಿ ಅದೇ ಡಬ್ಬಿಗಳ ಲೆಕ್ಕ ಕೂಡಿಬಂತು. ಈಗ ಅವರ ವಿದ್ಯಾರ್ಥಿಯೇ ಫೋನ್ ಮಾಡಿ ಡಬ್ಬಿ ಎಷ್ಟು ದೊಡ್ಡದು, ನೀರು ಎಷ್ಟು ಹಾಕಬೇಕು ಎಂದು ವಿಚಾರಿಸುತ್ತಿದ್ದಾನೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡುತ್ತೇನೆ.

ಮರ ಮುತ್ತುಗ. ಜಾಗ ಕಲಘಟಗಿ ಕಡೆಯ ನಮ್ಮ ಮಾವನವರ ಹೊಲದ ಬದು ಮತ್ತು ಅದಕ್ಕೆ ಅಂಟಿಕೊಂಡ ಬೀಳು. ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ. ಪ್ರಯೋಗಕ್ಕೆಂದರೂ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಬದುವಿನ ಕರಡ, ಅಂದರೆ ಒಣಹುಲ್ಲು, ಸುಡುವುದು ನಮ್ಮ ಮಾವನವರು ಪ್ರತಿವರ್ಷ ಮಾಡುವ ಕೆಲಸ. ನಾನು ಅದರ ಬೆನ್ನು ಹಿಡಿದೆ. ಹದಿನಾಲ್ಕು ಮರ ಸಿಕ್ಕವು.

ಮುತ್ತುಗ ಬೆಂಕಿಗೆ ಸಾಯುವುದಿಲ್ಲ ಎಂಬುದು ಕುರಿ ಕಾಯುವ ಹುಡುಗನಿಗೂ ಗೊತ್ತು. ಮೇಲೆ ಸುಟ್ಟರೂ ಬೇರಿನಿಂದ ಚಿಗುರುತ್ತದೆ. ನನ್ನನ್ನು ಕಾಡಿದ್ದು ಬೇರೆ. ಈ ಮರ ಎಲೆ ಉದುರಿಸಿ ಹೂ ಬಿಡುವುದು ಶಿವರಾತ್ರಿಯ ಆಸುಪಾಸಿನಲ್ಲಿ, ಕರಡ ಒಣಗಿ ಬೆಂಕಿಗೆ ಕಾಯುತ್ತಿರುವ ಹೊತ್ತಿನಲ್ಲೇ. ಬುಡ ಬದುಕಿತು ಸರಿ, ಆ ವರ್ಷ ಕಾಯಿ ಕಟ್ಟಿತೇ? ಇದಕ್ಕೆ ಬೆಂಕಿಯನ್ನೂ ಪರಾಗಸ್ಪರ್ಶವನ್ನೂ ಒಂದೇ ಮರದಲ್ಲಿ, ಒಂದೇ ವಾರದಲ್ಲಿ ಅಳೆಯಬೇಕು. "ಎರಡರಲ್ಲಿ ಒಂದನ್ನು ಹಿಡಿ" ಎಂದವರೇ ಎಲ್ಲರೂ.

ಮೊದಲ ವರ್ಷ ದುಡ್ಡು ಸುಟ್ಟುಕೊಂಡೆ. ತಾಪ ದಾಖಲಿಸುವ ಎರಡು ಯಂತ್ರ, ತಂತಿ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ. ಒಂದರ ತಂತಿಯನ್ನು ಬೆಂಕಿಯ ಹಿಂದಿನ ರಾತ್ರಿ ಇಲಿ ಕಡಿದಿತ್ತು. ಇನ್ನೊಂದರ ಪೆಟ್ಟಿಗೆಯನ್ನು ನಾನೇ ಮಣ್ಣಿನಲ್ಲಿ ಹೂಳುವುದು ಮರೆತು ಕರಗಿಸಿದೆ. ಹಳೆಯ ಉಪಾಯಕ್ಕೆ ಮರಳಿದ್ದು ಆಮೇಲೆ: ಡಬ್ಬಿಯಲ್ಲಿ ನೀರಿಡು, ಬೆಂಕಿ ದಾಟಿದ ಮೇಲೆ ತೂಗು, ಆವಿಯಾದ ಪ್ರತಿ ಗ್ರಾಮಿಗೆ 540 ಕ್ಯಾಲರಿ ಹಿಡಿ. ಹೊಸದೇನಲ್ಲ. ಆದರೆ ಹುಲ್ಲಿನ ಬೆಂಕಿಗೆ ಇದು ನಡೆಯುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು.

ಅವರು ಹೇಳಿದ್ದೂ ಸುಳ್ಳಲ್ಲ. ಡಾಬಾದ ಹಿಂದಿನಿಂದ ಬಿಯರ್ ಡಬ್ಬಿ ಆರಿಸಿ ತಂದು (ಅಳಿಯ ಕುಡಿಯುತ್ತಾನೆಂಬ ಸುದ್ದಿ ಊರಲ್ಲಿ ಇವತ್ತಿಗೂ ಇದೆ) 200 ಮಿಲಿ ನೀರು ತುಂಬಿಸಿಟ್ಟೆ. ಬೆಂಕಿ ಅರೆ ನಿಮಿಷದಲ್ಲಿ ದಾಟಿತು. ತೂಗಿದರೆ, ಬಿಸಿಲಿಗೆ ಆರಿದ್ದಕ್ಕಿಂತ ಹೆಚ್ಚೇನೂ ಕಡಿಮೆಯಾಗಿರಲಿಲ್ಲ. ನೀರನ್ನು ಇಳಿಸುತ್ತಾ ಬಂದೆ. ತೀರಾ ಇಳಿಸಿದಾಗ ಡಬ್ಬಿ ಒಣಗಿ ಅಲ್ಯೂಮಿನಿಯಂ ಮುದುಡಿತು. ಎಷ್ಟಕ್ಕೆ ನಿಲ್ಲಿಸಬೇಕೆಂಬುದು ನಿಮ್ಮ ಕರಡದ ಎತ್ತರಕ್ಕೆ ಬಿಟ್ಟದ್ದು. ಮೊಣಕಾಲೆತ್ತರದ್ದಕ್ಕೆ ನನಗೆ 40 ಮಿಲಿ ಸರಿಹೋಯಿತು. ಪ್ರತಿ ಮರಕ್ಕೆ ನಾಲ್ಕು ಡಬ್ಬಿ, ಸುಡದ ಜಾಗದಲ್ಲಿ ಹೋಲಿಕೆಗೆ ಎರಡು. ತೂಕಕ್ಕೆ ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಪುಟ್ಟ ಡಿಜಿಟಲ್ ತಕ್ಕಡಿ, ಐನೂರು ರೂಪಾಯಿಯೊಳಗೆ. ನಿಜವಾದ ಗುಟ್ಟು ಇರುವುದು ಮುಚ್ಚಳದಲ್ಲಿ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ತೊಗಟೆಯ ದಪ್ಪ ಅಳೆಯಲು ಮೊಳೆ ಸಾಕು. ತೊಗಟೆಯಲ್ಲಿ ಸರಾಗವಾಗಿ ಇಳಿದು ಕಟ್ಟಿಗೆಗೆ ತಾಗಿದ ಕೂಡಲೇ ಸುತ್ತಿಗೆಯ ಸದ್ದು ಬದಲಾಗುತ್ತದೆ. ಮೊಳೆ ಕಿತ್ತ ತೂತಿನಿಂದ ಕೆಂಪು ಗೋಂದು ಒಸರಿ ಬೆಳಗಾಗುವಷ್ಟರಲ್ಲಿ ಮಾಣಿಕ್ಯದ ಹರಳಿನಂತೆ ಗಟ್ಟಿಯಾಗಿರುತ್ತದೆ. "ಅಳಿಯಂದಿರೇ, ಮರಕ್ಕೆ ರಕ್ತ ಬರಿಸಿದಿರಲ್ಲ" ಎಂದು ಮಾವನವರು ನೊಂದುಕೊಂಡರು. ಮರಕ್ಕೆ ಎರಡೇ ಮೊಳೆ ಎಂದು ಅಂದೇ ಒಪ್ಪಂದವಾಯಿತು. ಬುಡದಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಸಿಕ್ಕಿತು. ದಪ್ಪ ಎರಡು ಪಟ್ಟಾದರೆ ಬೆಂಕಿ ತಾಳುವ ಹೊತ್ತು ನಾಲ್ಕು ಪಟ್ಟು ಎಂಬುದು ಲೆಕ್ಕ. ಅದರಂತೆ ಕ್ಯಾಂಬಿಯಂ, ಅಂದರೆ ತೊಗಟೆಯ ಒಳಗಿನ ಬೆಳೆಯುವ ಪದರ, ಸಾಯುವ 60 ಡಿಗ್ರಿ ಮುಟ್ಟಲು ಆರು ನಿಮಿಷದ ಮೇಲೆ ಬೇಕು, ಕರಡದ ಬೆಂಕಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಬುಡದಲ್ಲಿ ಒಣಕೊಂಬೆಯ ರಾಶಿ ಬಿದ್ದಿದ್ದರೆ ಮಾತು ಬೇರೆ.

ಪರಾಗದ ಕಡೆಯ ಸೋಲು ಇನ್ನೂ ಹೆಚ್ಚು. ಹಕ್ಕಿ ಹುಳು ಮುಟ್ಟದಂತೆ ಗೊಂಚಲುಗಳಿಗೆ ನೈಲಾನ್ ಸೊಳ್ಳೆಪರದೆಯ ಚೀಲ ಕಟ್ಟಿ, ಆಮೇಲೆ ಕೆಳಗೆ ಬೆಂಕಿ ಹಚ್ಚಿದ ಬುದ್ಧಿವಂತ ನಾನು. ಜ್ವಾಲೆ ಮೇಲಕ್ಕೆ ಮುಟ್ಟಲಿಲ್ಲ, ಬಿಸಿಗಾಳಿ ಮುಟ್ಟಿತು. ನೈಲಾನ್ ಮುದುಡಿ ಮೊಗ್ಗುಗಳ ಕಪ್ಪು ಮಖಮಲ್ಲಿಗೆ ಅಂಟಿಕೊಂಡಿತು. ಅರವತ್ತು ಚೀಲ, ಹೊಲಿಗೆಯ ಕೂಲಿ, ಏಣಿ ಹಿಡಿಯುವ ಆಳಿನ ದಿನಕ್ಕೆ ಆರುನೂರು, ಎಲ್ಲವೂ ನೀರಿನಲ್ಲಿ ಹೋಮ. ಮರುವರ್ಷ ಹತ್ತಿಯ ಮಲ್ ಬಟ್ಟೆ, ಅದೂ ಬೂದಿ ಆರಿದ ಮೇಲೆ, ಅರಳದ ಮೊಗ್ಗಿಗೆ ಮಾತ್ರ.

ಅಳಿಲನ್ನು ದೂರವಿಡಲು ತೆಂಗಿನ ಮರಕ್ಕೆ ಇಲಿ ಹತ್ತದಂತೆ ಸುತ್ತುವ ತಗಡನ್ನೇ ಕಾಂಡಕ್ಕೆ ಸುತ್ತಿದೆ. ಮೂರು ದಿನ ಗೆದ್ದೆನೆಂದುಕೊಂಡೆ. ನಾಲ್ಕನೆಯ ದಿನ ಪಕ್ಕದ ಮತ್ತಿಯ ಕೊಂಬೆಯಿಂದ ಜಿಗಿದು ಬಂದ ಅಳಿಲು ತಗಡಿನ ಮೇಲೆಯೇ ಕುಳಿತು ಹೂ ತಿನ್ನುತ್ತಿತ್ತು. ಒಂಟಿ ಮರಗಳಿಗಷ್ಟೇ ತಗಡು ಉಪಯೋಗ.

ಕೈಯಿಂದ ಪರಾಗ ಹಚ್ಚುವಾಗ ಕುಂಚ ಬೇಡ. ಗಿಳಿಯೋ ಹೂವೋ ಎಂದು ಅನುಮಾನ ಬರುವುದರಿಂದಲೇ ಇದಕ್ಕೆ ಕಿಂಶುಕವೆಂದು ಹೆಸರು; ಆ ಕೊಕ್ಕಿನಂಥ ದೋಣಿದಳವನ್ನು ಹೆಬ್ಬೆರಳಿನಿಂದ ಮೆಲ್ಲನೆ ಕೆಳಗೆ ಒತ್ತಿದರೆ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ತುದಿ, ತಾನೇ ಹೊರಗೆ ಬರುತ್ತದೆ. ಬೇರೆ ಮರದ ಕೇಸರವನ್ನೇ ಅದಕ್ಕೆ ಸವರಿದರಾಯಿತು. ನೆನಪಿನಿಂದ ಹೇಳುವುದಾದರೆ, ಚೀಲವಿಲ್ಲದೆ ಹಾಗೇ ಬಿಟ್ಟ ಹೂಗಳಲ್ಲಿ ನೂರಕ್ಕೆ ನಾಲ್ಕೈದು ಕಾಯಿ, ಚೀಲ ಕಟ್ಟಿದವುಗಳಲ್ಲಿ ಇಲ್ಲವೆಂದರೂ ನಡೆಯುತ್ತದೆ, ಕೈಯಿಂದ ಹಚ್ಚಿದವುಗಳಲ್ಲಿ ಹದಿನೈದರ ಮೇಲೆ. ಸುಟ್ಟ ಮರಕ್ಕೂ ಸುಡದ ಮರಕ್ಕೂ ಕೈಯಿಂದ ಹಚ್ಚಿದಾಗ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅಂದರೆ ಮರದಲ್ಲಿ ಶಕ್ತಿ ಇತ್ತು, ಕೊರತೆಯಿದ್ದದ್ದು ಬರುವ ನೆಂಟರದು. ಡಬ್ಬಿಯಲ್ಲಿ ನೀರು ಹೆಚ್ಚು ಹೋದ ಮರಗಳಲ್ಲಿ ಕೆಳಗಿನ ಗೊಂಚಲು ಬಾಡಿದವು, ಸೂರಕ್ಕಿಗಳ ಭೇಟಿಯೂ ಒಂದು ವಾರ ಇಳಿಯಿತು. ಈ ಎರಡು ಲೆಕ್ಕ ನಕ್ಷೆಯಲ್ಲಿ ಒಂದೇ ಗೆರೆಯ ಮೇಲೆ ಕುಳಿತ ಸಂಜೆ ಮಾವನವರಿಗೆ ಜಿಲೇಬಿ ತಂದುಕೊಟ್ಟೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿಯನ್ನು, ಅಂದರೆ ಉದುರಿದ ಒಣ ಎಲೆಯ ಬೆಂಕಿಯನ್ನು, ಬೇಸಿಗೆ ಬಲಿಯುವ ಮೊದಲೇ, ಸಣ್ಣದಾಗಿ ಹಾಕುತ್ತಿದ್ದರು. ಅವರ ಲೆಕ್ಕದಲ್ಲಿ ಅದು ನೆಲ್ಲಿಮರಕ್ಕೆ ಅಂಟಿ ಬೆಳೆಯುವ ಪರಾವಲಂಬಿ ಬದನಿಕೆಗೂ ಮದ್ದು. ಜನವರಿಯ ಬೆಂಕಿಗೂ ಮಾರ್ಚಿನ ಬೆಂಕಿಗೂ ಇರುವ ಅಂತರ ನನ್ನ ಡಬ್ಬಿಗಳಲ್ಲೂ ಕಂಡಿತು. ಅವರನ್ನು ಮೊದಲೇ ಕೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ನಡುವೆ ಕಾಜಾಣಗಳ ಹಿಂದೆ ಬಿದ್ದು ಹತ್ತು ದಿನ ಕಳೆದೆ. ಬೆಂಕಿ ಹತ್ತಿತೋ ಇಲ್ಲವೋ, ಓಡುವ ಮಿಡತೆ ಹಿಡಿಯಲು ಅವು ಹಾಜರು. ಹೊಟ್ಟೆ ತುಂಬಿದ ಮೇಲೆ ಪಕ್ಕದ ಮುತ್ತುಗದಲ್ಲಿ ಮಕರಂದ. ಬೆಂಕಿಯೇ ಪರಾಗ ಸಾಗಿಸುವವರನ್ನು ಕರೆತರುತ್ತದೆಯೇ? ಚೆಂದದ ಊಹೆ, ಆದರೆ ಹಣೆಯ ಮೇಲೆ ಪರಾಗ ಅಂಟಿಸಿಕೊಂಡ ಕಾಜಾಣ ಕಂಡದ್ದು ಎರಡೇ ಸಲ. ಬೀಜಗಳನ್ನು ರೊಟ್ಟಿ ಹಂಚಿನ ಮೇಲೆ ಬಿಸಿಮಾಡಿಯೂ ನೋಡಿದೆ: ಒಂದೂ ಮೊಳೆಯಲಿಲ್ಲ, ಹೊಸ ಹಂಚು ತಂದುಕೊಡಬೇಕಾಯಿತು. ಕಾಯಿ ಉದುರುವುದು ಬೆಂಕಿಯ ಕಾಲ ಮುಗಿದ ಮೇಲೆ, ಮಳೆಯ ಮುಂಚೆ. ಹಂಚಿನ ಪ್ರಯೋಗ ಬೇಕೇ ಇರಲಿಲ್ಲ.

ಉಳಿದದ್ದು ಒಂಬತ್ತನೆಯ ಮರ. ಅದರ ನಾಲ್ಕು ಡಬ್ಬಿಯಲ್ಲಿ ಎರಡು ಒಣಗಿ ಮುದುಡಿದ್ದವು, ಬುಡ ಎದೆಮಟ್ಟಕ್ಕೆ ಕರಿಯಾಗಿತ್ತು. ಆದರೂ ಆ ವರ್ಷ ಅತಿ ಹೆಚ್ಚು ಕಾಯಿ ಅದರಲ್ಲೇ. ಗೆರೆಯಿಂದ ಅದನ್ನು ಹೊರಗಿಡಿ ಎಂದು ಇಬ್ಬರು ಸಲಹೆ ಕೊಟ್ಟರು. ಇಟ್ಟಿಲ್ಲ. ಈ ಶಿವರಾತ್ರಿಗೆ ಅದರ ಸುತ್ತ ಹನ್ನೆರಡು ಡಬ್ಬಿ ಇಡುತ್ತೇನೆ, ಡಾಬಾದವನಿಗೆ ಹೇಳಿಟ್ಟಿದ್ದೇನೆ.