50 ತೋಟಾಗಳಿಗೆ ಒಂದು ಮರದ ಪೆಟ್ಟಿಗೆ

ಐನೂರು ಮೀಟರ್ ದೂರದಲ್ಲಿ ಗುರಿಗೆಂದು ಇಟ್ಟ ಕಬ್ಬಿಣದ ಟಗರು ನಿಂತಿದೆ. ನೀವು ಚಾಪೆ ಮೇಲೆ ಬೋರಲು ಮಲಗಿ ಗುಂಡು ಹಾರಿಸಿದ್ದೀರಿ. ಗುಂಡು ಅಲ್ಲಿಗೆ ಮುಟ್ಟಿ, 'ಠಣ್' ಅನ್ನುವ ಸದ್ದು ವಾಪಸ್ ಕಿವಿಗೆ ಬರಲು ಹತ್ತಿರ ಹತ್ತಿರ ಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ಕೈ ಸುಮ್ನೆ ಇರುವುದಿಲ್ಲ. ಖಾಲಿ ತೋಟಾ ತೆಗೆಯಬೇಕು, ಸಾಬೂನು ನೀರಿನ ಡಬ್ಬಕ್ಕೆ ಹಾಕಬೇಕು. ನಳಿಗೆಯ ಹಿಂಬದಿಗೆ ಕೊಳವೆ ಇಟ್ಟು ನಾಲ್ಕೈದು ಸಲ ಉಸಿರು ಊದಬೇಕು. ಕರಿಮದ್ದು ಸುಟ್ಟಾಗ ಅರ್ಧಕ್ಕಿಂತ ಜಾಸ್ತಿ ಭಾಗ ಅನಿಲವಾಗದೆ ಪುಡಿಯಾಗಿ ಉಳಿಯುತ್ತದೆ, ಅದರಲ್ಲಿ ಒಂದಷ್ಟು ಹೊಗೆಯ ಜೊತೆ ಹೋಗಿ ಮಿಕ್ಕದ್ದು ನಳಿಗೆಯಲ್ಲಿ ಮಸಿಯಾಗಿ ಕೂರುತ್ತದೆ. ಉಸಿರಿನ ತೇವಕ್ಕೆ ಆ ಮಸಿ ಮೆತ್ತಗಾಗುತ್ತದೆ. ಜೊತೆಗೆ ಗಾಳಿ ಯಾವ ಕಡೆಗೆ ತಿರುಗಿತು ಅಂತಲೂ ನೋಡುತ್ತಿರಬೇಕು.

ಇಷ್ಟರ ನಡುವೆ 'ಇದು ಎಷ್ಟನೇ ಗುಂಡು?' ಅನ್ನುವುದು ಮರೆತೇ ಹೋಗುತ್ತದೆ. ನನಗೆ ಎಷ್ಟೋ ಸಲ ಹೀಗಾಗಿದೆ. ಆ ಲೆಕ್ಕವನ್ನು ತಲೆಯಿಂದ ತೆಗೆದು ಪೆಟ್ಟಿಗೆಗೆ ಒಪ್ಪಿಸಬಹುದು. ಈ ಪೆಟ್ಟಿಗೆ ಮಾಡುವ ಮುಖ್ಯ ಕಾರಣವೇ ಅದು.

ನಾನಿರುವುದು ಅಮೆರಿಕದ ಕೊಲೊರಾಡೊದಲ್ಲಿ. ಇಲ್ಲಿ ಕರಿಮದ್ದಿನ ಸಿಲೂಯೆಟ್ ಅನ್ನುವ ಈ ಗುರಿ ಇಡುವ ಆಟಕ್ಕೆ 1896ಕ್ಕಿಂತ ಹಿಂದಿನ ಮಾದರಿಯ ಕೋವಿಗಳೇ ಆಗಬೇಕು. ಒಂದು ಸಲಕ್ಕೆ ಒಂದೇ ತೋಟಾ, ಒಳಗೆ ಕರಿಮದ್ದು, ತುದಿಗೆ ಸೀಸದ ಗುಂಡು. ಗುರಿಗಳು ನಾಲ್ಕು: 200 ಮೀಟರ್‌ಗೆ ಕೋಳಿ, 300ಕ್ಕೆ ಹಂದಿ, 385ಕ್ಕೆ ಟರ್ಕಿ ಕೋಳಿ, 500ಕ್ಕೆ ಟಗರು. ಎಲ್ಲವೂ ಕಬ್ಬಿಣದ ತಗಡು. ಈ ಪ್ರಾಣಿಗಳ ಆಟ ಮೊದಲು ಶುರುವಾದದ್ದು ಮೆಕ್ಸಿಕೊದಲ್ಲಿ. ಒಂದೊಂದಕ್ಕೆ ಹತ್ತು ಗುಂಡು, ಐದೈದರ ಸರದಿಯಲ್ಲಿ. ಒಟ್ಟು 40. ಗುರಿ ಹೊಂದಿಸಿಕೊಳ್ಳಲು ಇನ್ನೂ ಕೆಲವು ಬೇಕು. ಅದಕ್ಕೇ ನಮ್ಮ ಪೆಟ್ಟಿಗೆಯಲ್ಲಿ ಹತ್ತರಂತೆ ಐದು ಸಾಲು, 50 ತೂತು. ನಾಲ್ಕು ಸಾಲು ನಾಲ್ಕು ಪ್ರಾಣಿಗಳಿಗೆ, ಐದನೆಯದು ಹೊಂದಿಸಿಕೊಳ್ಳುವ ಗುಂಡುಗಳಿಗೆ.

ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಅನ್ನುವ ಹೂ ಇಟ್ಟು, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಕೊಡಗಿನವರಿಗೆ ಈ ಖುಷಿಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಅಳತೆ

ನಾನು ಹೇಳುವ ಅಳತೆಗಳೆಲ್ಲ .45-70 ಅನ್ನುವ ತೋಟಾದವು. ಇದು 1873ರಲ್ಲಿ ಅಮೆರಿಕದ ಸೇನೆ ತಂದ ತೋಟಾ, ಇವತ್ತಿಗೂ ಈ ಆಟದಲ್ಲಿ ತುಂಬಾ ಜನರ ಕೈಯಲ್ಲಿರುವುದು ಇದೇ. ಹಿತ್ತಾಳೆಯ ಕೊಳವೆ 53.5 ಮಿ.ಮೀ. ಉದ್ದ. ಬುಡದ ಅಂಚು 15.4 ಮಿ.ಮೀ. ಅಗಲ. ದೂರದ ಗುರಿಗೆ ಉದ್ದನೆಯ ಗುಂಡು ಕೂರಿಸುತ್ತೇವಲ್ಲ, ಹಾಗಾಗಿ ನನ್ನ ತೋಟಾದ ಪೂರ್ತಿ ಉದ್ದ 73 ಮಿ.ಮೀ. ನಿಮ್ಮದು ಬೇರೆ ಇರಬಹುದು. ಅಳೆದುಕೊಂಡು ಲೆಕ್ಕ ಬದಲಿಸಿಕೊಳ್ಳಿ.

ತೂಕವನ್ನೂ ಮರೆಯಬೇಡಿ. ತೋಟಾ ಒಂದಕ್ಕೆ ಸುಮಾರು 50 ಗ್ರಾಂ. 50 ಸೇರಿದರೆ ಎರಡೂವರೆ ಕೆ.ಜಿ. ಪೆಟ್ಟಿಗೆಯೂ ಸೇರಿ ಹತ್ತಿರ ಹತ್ತಿರ ನಾಲ್ಕು ಕೆ.ಜಿ. ತಳ ಗಟ್ಟಿ ಇರಲೇಬೇಕು.

ಯಾವ ಮರ?

ನಾನು ಮೊದಲು ಮಾಡಿದ ಪೆಟ್ಟಿಗೆ ಓಕ್ ಮರದ್ದು. ಮನೆಯ ನೆಲಕ್ಕೆ ಹಾಕಿ ಮಿಕ್ಕ ಹಲಗೆ ಇತ್ತು, ಗಟ್ಟಿ ಮರ ಅಲ್ವಾ ಅಂತ ಅದನ್ನೇ ಬಳಸಿದೆ. ಚಳಿಗಾಲ ಪೂರ್ತಿ ತೋಟಾ ತುಂಬಿ ಮುಚ್ಚಿಟ್ಟಿದ್ದೆ. ಮಾರ್ಚ್‌ನಲ್ಲಿ ತೆಗೆದು ನೋಡಿದರೆ ಗುಂಡುಗಳ ತುದಿಯಲ್ಲೆಲ್ಲ ಬಿಳಿ ಪುಡಿ, ವಿಭೂತಿ ಹಚ್ಚಿದ ಹಾಗೆ. ಓಕ್ ಮರ ವರ್ಷಗಟ್ಟಲೆ ಹುಳಿ ಆವಿ ಬಿಡುತ್ತಲೇ ಇರುತ್ತದೆ. ವಿನೆಗರ್‌ನಲ್ಲಿರುವ ಅದೇ ಹುಳಿ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಸೀಸವನ್ನು ತಿಂದು ಬಿಳಿ ಮಾಡುತ್ತದೆ. ಆ ಪುಡಿ ವಿಷ, ಬರಿಗೈಯಲ್ಲಿ ಒರೆಸಲು ಹೋಗಬೇಡಿ. ಸೀಸದ ವಸ್ತುಗಳನ್ನು ಓಕ್ ಬೀರುವಿನಲ್ಲಿಟ್ಟ ಮ್ಯೂಸಿಯಂಗಳಿಗೂ ಇದೇ ಕಾಟ. ಚರ್ಮದ ಪಟ್ಟಿಯಲ್ಲಿ ಬಹಳ ದಿನ ಸಿಕ್ಕಿಸಿಟ್ಟ ತೋಟಾದ ಹಿತ್ತಾಳೆ ಹಸಿರು ಕಿಲುಬು ಹಿಡಿಯುವುದೂ ಹೀಗೆಯೇ, ಚರ್ಮ ಹದ ಮಾಡಿದ ಹುಳಿಯಿಂದ.

ಈಗ ನಾನು ಬಳಸುವುದು ಇಲ್ಲಿನ ಕರಿ ಅಕ್ರೋಟು ಮರ, ಅಂದರೆ ಬ್ಲ್ಯಾಕ್ ವಾಲ್‌ನಟ್. ಕೋವಿಯ ಹಿಡಿಗೂ ಇದೇ ಮರ, ನೋಡಲು ಜೋಡಿ ಚೆನ್ನಾಗಿರುತ್ತದೆ. ಬೇರೆ ಮರ ಸಿಕ್ಕಿದರೆ ಪರೀಕ್ಷೆ ಮಾಡಿಯೇ ಬಳಸಿ. ಗಾಜಿನ ಬಾಟಲಿಗೆ ಆ ಮರದ ಒಂದು ಹಿಡಿ ಹೊಟ್ಟು ಹಾಕಿ. ಪಕ್ಕದಲ್ಲಿ ಒದ್ದೆ ಹತ್ತಿ ಇಡಿ. ಚೆನ್ನಾಗಿ ಕೆರೆದು ಹೊಳಪು ಬರಿಸಿದ ಸೀಸದ ತುಂಡನ್ನು ಎರಡಕ್ಕೂ ತಾಗದ ಹಾಗೆ ದಾರದಲ್ಲಿ ಇಳಿಬಿಡಿ. ಬಿಗಿಯಾಗಿ ಮುಚ್ಚಿ ಬೆಚ್ಚಗಿನ ಜಾಗದಲ್ಲಿ ನಾಲ್ಕು ವಾರ ಇಡಿ. ಮ್ಯೂಸಿಯಂನವರು ಇದನ್ನೇ 60 ಡಿಗ್ರಿ ಶಾಖದಲ್ಲಿ 28 ದಿನ ಮಾಡುತ್ತಾರೆ. ಸೀಸ ಬೆಳ್ಳಗಾದರೆ ಆ ಮರ ಬೇಡ.

ಬೇಕಾಗುವುದು ಇಷ್ಟು: ತೂತಿನ ದಿಮ್ಮಿಗೆ 265 × 140 ಮಿ.ಮೀ., 42 ಮಿ.ಮೀ. ದಪ್ಪದ ತುಂಡು. ಅಷ್ಟು ದಪ್ಪ ಸಿಗದಿದ್ದರೆ 21ರ ಎರಡು ಹಲಗೆ ಅಂಟಿಸಿ. ಗೋಡೆಗಳಿಗೆ 12 ಮಿ.ಮೀ. ದಪ್ಪ, 100 ಮಿ.ಮೀ. ಅಗಲದ ಹಲಗೆ ಒಂದು ಮೀಟರ್. ತಳಕ್ಕೂ ಮೇಲಕ್ಕೂ 6 ಮಿ.ಮೀ. ಪ್ಲೈವುಡ್. ಹಿತ್ತಾಳೆಯ ಎರಡು ಹಿಂಜ್, ಒಂದು ಕೊಂಡಿ, ಒಂದು ಹಿಡಿ.

ತೂತು ಕೊರೆಯುವುದು

ಇಡೀ ಕೆಲಸದ ಜೀವ ಇಲ್ಲಿದೆ. ಅವಸರ ಮಾಡಬೇಡಿ. ನಾನು ಗುರುತು ಹಾಕಲಿಕ್ಕೇ ಒಂದು ಸಂಜೆ ತೆಗೆದುಕೊಳ್ಳುತ್ತೇನೆ.

ದಿಮ್ಮಿಯ ನಾಲ್ಕೂ ಅಂಚಿನಿಂದ 20 ಮಿ.ಮೀ. ಬಿಡಿ. ಆಮೇಲೆ 25 ಮಿ.ಮೀ.ಗೊಂದು ಗೆರೆ, ಉದ್ದಕ್ಕೆ ಹತ್ತು, ಅಡ್ಡಕ್ಕೆ ಐದು. ಗೆರೆ ಕೂಡುವ ಜಾಗದಲ್ಲೆಲ್ಲ ದಬ್ಬಣದ ಮೊನೆಯಿಂದ ಚುಚ್ಚಿ. ಈಗ ದಿಮ್ಮಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಸಾಲಿನ ಉದ್ದಕ್ಕೂ ನೋಡಿ. ಒಂದು ಚುಕ್ಕೆ ಅರ್ಧ ಮಿ.ಮೀ. ಆಚೀಚೆ ಇದ್ದರೂ ಕಣ್ಣಿಗೆ ಗೊತ್ತಾಗುತ್ತದೆ. ಕೊರೆದ ಮೇಲೆ ಸರಿಮಾಡಲು ಆಗುವುದಿಲ್ಲ, ಚುಕ್ಕೆ ಇದ್ದಾಗಲೇ ಸರಿಮಾಡಿ.

ತೂತಿನ ಅಗಲ 16 ಮಿ.ಮೀ. ತಳ ಚಪ್ಪಟೆಯಾಗಿ ಕೊರೆಯುವ ಫೋರ್ಸ್ಟ್‌ನರ್ ಬಿಟ್ ಬೇಕು. ಸ್ಟ್ಯಾಂಡ್ ಮೇಲೆ ಕೂರಿಸಿದ ಡ್ರಿಲ್ ಇರಲಿ, ಕೈ ಡ್ರಿಲ್‌ನಲ್ಲಿ 50 ತೂತು ನೇರ ಬರುವುದಿಲ್ಲ. ಡ್ರಿಲ್ಲಿನ ಮೇಜಿನ ಮೇಲೆ ಒಂದು ನೇರ ಪಟ್ಟಿಯನ್ನು ಕ್ಲ್ಯಾಂಪ್ ಮಾಡಿ, ದಿಮ್ಮಿಯನ್ನು ಅದಕ್ಕೆ ಒತ್ತಿ ಸರಿಸುತ್ತಾ ಹೋದರೆ ಸಾಲು ತಾನಾಗಿ ನೇರವಾಗುತ್ತದೆ. ಮೊದಲು ಮಿಕ್ಕ ತುಂಡಿನಲ್ಲಿ ಒಂದು ತೂತು ಕೊರೆದು, ಮದ್ದಿಲ್ಲದ ಖಾಲಿ ತೋಟಾ ಬಿಟ್ಟು ನೋಡಿ. ತಾನಾಗಿ ಇಳಿಯಬೇಕು, ಅಲ್ಲಾಡಬಾರದು. ಬಿಗಿ ಅನ್ನಿಸಿದರೆ 17 ಇಟ್ಟುಕೊಳ್ಳಿ.

ಆಳ 35 ಮಿ.ಮೀ. ಇದಕ್ಕೊಂದು ಕಾರಣ ಇದೆ. ತೋಟಾ ನಿಲ್ಲಿಸಿದಾಗ ಹಿತ್ತಾಳೆ 18 ಮಿ.ಮೀ.ಯಷ್ಟು ಮೇಲೆ ಕಾಣುತ್ತದೆ, ಅದರ ಮೇಲೆ ಸೀಸ. ನೋಡದೆ ಕೈ ಹಾಕಿದರೂ ಬೆರಳಿಗೆ ಹಿತ್ತಾಳೆ ಸಿಗುತ್ತದೆ. ಗುಂಡಿಗೆ ಬಳಿದ ಜಿಡ್ಡು ಬೆರಳಿಗೆ ಅಂಟಬಾರದು, ಬೆರಳಿನ ಮರಳು ಆ ಜಿಡ್ಡಿಗೂ ಅಂಟಬಾರದು.

ಬಿಟ್ ನಿಧಾನ ತಿರುಗಲಿ. ಸೆಂಟಿಮೀಟರ್‌ಗೊಮ್ಮೆ ಮೇಲೆತ್ತಿ ಹೊಟ್ಟು ಉದುರಿಸಿ. ಸುಟ್ಟ ವಾಸನೆ ಬಂದರೆ ಬಿಟ್ ಮೊಂಡಾಗಿದೆ ಅಂತ ಅರ್ಥ. ಕೊನೆಗೆ ಪ್ರತಿ ತೂತಿನ ಬಾಯಿಯನ್ನು ಇಳಿಜಾರು ಮಾಡಿ, ಪೆನ್ಸಿಲ್‌ಗೆ ಸುತ್ತಿದ ಉಪ್ಪು ಕಾಗದದಿಂದ ಒಳಗೆ ಉಜ್ಜಿ. ಐವತ್ತಕ್ಕೂ ಹೀಗೇ ಮಾಡಬೇಕು, ಬೇಸರ ಮಾಡಿಕೊಳ್ಳಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ತೋಟಾದ ಬುಡದ ನಡುವೆ ಕೇಪು ಇರುತ್ತದೆ, ಕಿಡಿ ಹುಟ್ಟುವ ಜಾಗ. ಅದು ತೂತಿನ ತಳದ ಮೇಲೇ ಕೂರುತ್ತದೆ. ಹಾಗಾಗಿ ಕೆಳಗಿನಿಂದ ದಿಮ್ಮಿಗೆ ಮೊಳೆ, ಸ್ಕ್ರೂ ಯಾವುದನ್ನೂ ಹೊಡೆಯಬಾರದು. ಸಿಕ್ಕಿಕೊಂಡ ತೋಟಾ ಕುಟ್ಟಿ ತೆಗೆಯಲು ಅಂತ ತಳದಲ್ಲಿ ಕಿಂಡಿಯನ್ನೂ ಬಿಡಬಾರದು.

ಹೊರಗಿನ ಪೆಟ್ಟಿಗೆ

ಗೋಡೆಗೆ 291 ಮಿ.ಮೀ.ಯ ಎರಡು, 156 ಮಿ.ಮೀ.ಯ ಎರಡು ತುಂಡು ಕತ್ತರಿಸಿ. ಉದ್ದನೆಯವುಗಳ ಎರಡೂ ತುದಿಯಲ್ಲಿ ಒಳಮೈಯಿಂದ 12 ಮಿ.ಮೀ. ಅಗಲ, 6 ಮಿ.ಮೀ. ಆಳಕ್ಕೆ ಮರ ತೆಗೆಯಿರಿ. ಗಿಡ್ಡ ತುಂಡು ಅಲ್ಲಿ ಕೂರುತ್ತದೆ. ನಾಲ್ಕೂ ಗೋಡೆಗಳ ಮೇಲಿನ ಮತ್ತು ಕೆಳಗಿನ ಒಳ ಅಂಚಿನಲ್ಲಿ 6 × 6 ಮಿ.ಮೀ. ಮೆಟ್ಟಿಲು ಕೆತ್ತಿ, 279 × 156 ಅಳತೆಯ ಪ್ಲೈವುಡ್ ಅಲ್ಲಿಗೆ ಬರುತ್ತದೆ. ಎಲ್ಲವನ್ನೂ ಅಂಟು ಹಾಕಿ ಕ್ಲ್ಯಾಂಪ್ ಬಿಗಿದು, ಮೂಲೆಮಟ್ಟ ಇಟ್ಟು ನೋಡಿ, ಒಂದು ರಾತ್ರಿ ಬಿಡಿ.

ಹೌದು, ಮೇಲೂ ಕೆಳಗೂ ಮುಚ್ಚಿಯೇ ಅಂಟಿಸುವುದು. ಬಾಗಿಲಿಲ್ಲದ ಡಬ್ಬದಂತೆ ಕಾಣುತ್ತದೆ. ಮಾರನೇ ದಿನ ತಳದಿಂದ 61 ಮಿ.ಮೀ. ಎತ್ತರದಲ್ಲಿ ಸುತ್ತ ಗೆರೆ ಎಳೆದು ಗರಗಸದಿಂದ ಕೊಯ್ದರೆ ಮುಚ್ಚಳ ಬೇರೆಯಾಗುತ್ತದೆ. ಮರದ ಗೆರೆಗಳು ಪೆಟ್ಟಿಗೆಯಿಂದ ಮುಚ್ಚಳಕ್ಕೆ ತಪ್ಪದೆ ಹರಿಯುತ್ತವೆ. ಎಷ್ಟು ಸಲ ಮಾಡಿದರೂ ಆ ಕ್ಷಣ ನನಗೆ ಹೊಸದು. ಗರಗಸ 2-3 ಮಿ.ಮೀ. ಮರ ತಿನ್ನುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಈ ಎತ್ತರ. ಮುಚ್ಚಿದಾಗ ಗುಂಡಿನ ತುದಿಗೂ ಮುಚ್ಚಳಕ್ಕೂ 5 ಮಿ.ಮೀ. ಜಾಗ ಉಳಿಯುತ್ತದೆ. ಸೀಸ ಮೆದು, ಏನೂ ತಾಗಬಾರದು.

ದಿಮ್ಮಿಯನ್ನು ಪೆಟ್ಟಿಗೆಗೆ ಅಂಟಿಸಬೇಡಿ, ಸುಮ್ನೆ ಇಳಿಸಿ. ಅಡ್ಡಕ್ಕೆ ಎರಡೂ ಕಡೆ 2 ಮಿ.ಮೀ. ಸಂದು ಇರುತ್ತದೆ. ಮರ ನಾರಿನ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಸಂದು ಬಿಡದಿದ್ದರೆ ದಿಮ್ಮಿ ಉಬ್ಬಿ ಮೂಲೆಯ ಅಂಟು ಬಿಡುತ್ತದೆ. ಕಸ ಬಿದ್ದಾಗ ದಿಮ್ಮಿ ತೆಗೆದು ಕೊಡವಲೂ ಆಗುತ್ತದೆ.

ಹೊಳಪು

ದಿಮ್ಮಿಗೆ ಅರಗಿನ ಪಾಲಿಷ್, ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಚನ್ನಪಟ್ಟಣದ ಗೊಂಬೆಗಳಿಗೆ ಮಿರುಗು ಕೊಡುವ ಅದೇ ಅರಗು ಇಲ್ಲಿನ ಅಂಗಡಿಯಲ್ಲೂ ಸಿಗುತ್ತದೆ, ಕೈಗೆ ತೆಗೆದುಕೊಂಡಾಗಲೆಲ್ಲ ಊರು ನೆನಪಾಗುತ್ತದೆ. ತೆಳ್ಳಗೆ ಎರಡು ಕೋಟು ಸಾಕು. ತೂತಿನ ತಳದಲ್ಲಿ ನಿಲ್ಲದ ಹಾಗೆ ಬಟ್ಟೆಯಿಂದ ಒರೆಸಿ.

ಹೊರಮೈಗೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಅದರಲ್ಲೂ ಮದ್ದು ಇಟ್ಟ ಮನೆಯಲ್ಲಿ! ಬಿಡಿಸಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ. ಪೆಟ್ಟಿಗೆಯನ್ನು ತೆರೆದು ಕೆಲವು ವಾರ ಹಾಗೇ ಬಿಡಿ. ಮೂಗಿಗೆ ವಾಸನೆ ಬರುವುದು ಪೂರ್ತಿ ನಿಲ್ಲುವ ತನಕ ತೋಟಾ ತುಂಬಬೇಡಿ.

ಹಿಂಜ್, ಕೊಂಡಿ, ಹಿಡಿ ಹಾಕುವುದು ನಿಮಗೆ ಗೊತ್ತಿದ್ದದ್ದೇ. ಮಕ್ಕಳಿರುವ ಮನೆಯಲ್ಲಿ ಆ ಕೊಂಡಿಯನ್ನು ನಂಬಬೇಡಿ, ತುಂಬಿದ ಪೆಟ್ಟಿಗೆ ಬೀಗದೊಳಗೇ ಇರಲಿ. ಭಾರತದಲ್ಲಿ ಕೋವಿಗೂ ತೋಟಾಕ್ಕೂ ಲೈಸೆನ್ಸ್ ನಿಯಮ ಇದೆ, ಅದನ್ನು ನೋಡಿಕೊಂಡೇ ಮುಂದುವರಿಯಿರಿ.

ಗುರುತು

ಸಾಲುಗಳ ಎಡ ತುದಿಯಲ್ಲಿ ಕೋ, ಹಂ, ಟರ್, ಟ ಅಂತ ನಾನು ಕನ್ನಡದಲ್ಲೇ ಕೆತ್ತಿದ್ದೇನೆ. ಐದನೇ ಮತ್ತು ಆರನೇ ತೂತಿನ ನಡುವೆ ತೆಳುವಾದ ಒಂದು ಗೆರೆ, ಐದರ ಸರದಿ ಅಲ್ಲಿಗೆ ಮುಗಿಯುತ್ತದೆ. ಎಡದಿಂದ ಬಲಕ್ಕೆ ತೆಗೆಯುತ್ತಾ ಹೋಗಿ. ಖಾಲಿ ತೋಟಾವನ್ನು ಮಾತ್ರ ತೂತಿಗೆ ವಾಪಸ್ ಹಾಕಬೇಡಿ. ಮಸಿಯಲ್ಲಿರುವ ಉಪ್ಪು ತೇವ ಎಳೆದು ಹಿತ್ತಾಳೆ ಕೆಡಿಸುತ್ತದೆ, ಮರವನ್ನೂ ಕಪ್ಪು ಮಾಡುತ್ತದೆ. ಅದರ ಜಾಗ ಸಾಬೂನು ನೀರು. ತೂತು ಖಾಲಿ ಇದ್ದರೆ ತಾನೇ ಲೆಕ್ಕ ಕಾಣುವುದು?

ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ. 200, 300, 385, 500 ಮೀಟರ್‌ಗೆ ಕೋವಿಯ ಮೇಲೆ ಗುರಿ ನೋಡುವ ಪಟ್ಟಿಯನ್ನು ಎಷ್ಟಕ್ಕೆ ಏರಿಸಬೇಕು ಅನ್ನುವ ನಾಲ್ಕು ಅಂಕಿ ಅದರಲ್ಲಿರಲಿ. ಪೆನ್ಸಿಲ್‌ನಲ್ಲೇ ಬರೆಯಿರಿ. ಮದ್ದಿನ ಡಬ್ಬ ಬದಲಾದರೆ ಅಂಕಿಯೂ ಬದಲಾಗುತ್ತದೆ.